ಬೈಯದೆ ಇಳಿದು ಬಂದವಳು

ಬುರುಜಿನಿಂದ ವಾಪಸು ಬಂದ ಅಮ್ಮ ಮೊದಲು ಕೇಳಿದ್ದು, "ಸಾರಿಗೆ ಹುಣಸೆಹುಳಿ ಉಂಟಾ, ತರಬೇಕಾ?" ಅಂತ. ನನ್ನ ತಂಗಿ ಸುಗುಣ ಸತ್ತು ಉತ್ತರಕ್ರಿಯೆ ಕೂಡ ಆಗಿರಲಿಲ್ಲ. ಬೆಳಿಗ್ಗೆ ದೋಣಿ ಹತ್ತುವಾಗ ಈ ಹೆಂಗಸಿನ ಮುಖ ನೋಡಿ ಬಂದರಿನ ಧಕ್ಕೆಯಲ್ಲಿದ್ದವರು ದಾರಿ ಬಿಟ್ಟು ಸರಿದಿದ್ದರು. ಸಂಜೆ ಅದೇ ಮುಖ ತೊಳೆದು ಕವುಚಿಟ್ಟ ಬಟ್ಟಲಿನ ಹಾಗೆ ಖಾಲಿಯಾಗಿತ್ತು. "ಅಚ್ಯುತ ಧಣಿ ಪಾಪ, ಅಷ್ಟು ಹೊತ್ತು ಬಿಸಿಲಲ್ಲೇ ನಿಂತ್ರು. ಒಂದು ಮಾತು ಎದುರು ಆಡ್ಲಿಲ್ಲ," ಅಂದಳು. ಧಣಿ ಪಾಪವಂತೆ! ಮಗಳನ್ನು ಕೊಂದವನು ಪಾಪ! ನಾನು ಕೈಯಲ್ಲಿದ್ದ ಸೌಟನ್ನು ಗೋಡೆಗೆ ಎಸೆದು ಕಿರುಚಲು ಬಾಯಿ ತೆರೆದೆ. ಬಂದದ್ದು ಬರೀ ಗಾಳಿ.

ನಮ್ಮ ಊರಿನಲ್ಲಿ ಹಾಗೆ. ಸಿಟ್ಟು ಬಂದರೆ ಸ್ವರ ಹೋಗುತ್ತದೆ. ಸಣ್ಣ ಸಿಟ್ಟಾದರೆ ಬಿಕ್ಕಳಿಕೆಯ ಹಾಗೆ, ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಸರಿಯಾಗುತ್ತದೆ. ದೊಡ್ಡದಾದರೆ ಉಪ್ಪು ಕೇಳುವುದಕ್ಕೂ ಸ್ವರ ಇರುವುದಿಲ್ಲ. ಆಗ ದೋಣಿ ಹತ್ತಿ ಎದುರಿನ ದ್ವೀಪಕ್ಕೆ ಹೋಗಬೇಕು. ದ್ವೀಪಕ್ಕೆ ಕಾಲಿಟ್ಟ ಕೂಡಲೇ ಸ್ವರ ಬರುತ್ತದೆ, ಆದರೆ ಬುರುಜು ಹತ್ತುವವರೆಗೆ ತುಟಿ ಬಿಚ್ಚಬಾರದು. ಯಾರ ಮೇಲೆ ಸಿಟ್ಟೋ ಅವರು ಕೆಳಗೆ ಅಂಗಳದಲ್ಲಿ ನಿಲ್ಲಬೇಕು, ಸಿಟ್ಟಿನವರು ಮೇಲಿನ ಕಿಂಡಿಯಿಂದ ಬೈಯಬೇಕು. ಬೈದು ಮುಗಿದರೆ ಸಿಟ್ಟೂ ಮುಗಿಯಿತು. ಇಳಿದು ಬಂದು ಇಬ್ಬರೂ ಒಂದೇ ಬೊಂಡದ ಎಳನೀರು ಕುಡಿದು ಒಂದೇ ದೋಣಿಯಲ್ಲಿ ವಾಪಸು. ಅಲ್ಲಿ ಆಡಿದ ಮಾತನ್ನು ಇಲ್ಲಿ ಎತ್ತುವ ಹಾಗಿಲ್ಲ.

ಗಂಡ ಹೆಂಡತಿ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಪಾಲಿನಲ್ಲಿ ಜಗಳವಾಡಿದ ಅಣ್ಣ ತಮ್ಮ ಹೋಗುತ್ತಾರೆ. ಅತ್ತೆ ಸೊಸೆ ಸರದಿಯ ಮೇಲೆ ಹತ್ತಿ ಇಳಿದು ಬರುತ್ತಾರೆ. ಊರಿಗೆ ಬರುವ ಪ್ರವಾಸಿಗಳಿಗೆ ಮಾತ್ರ ಇದು ತಿಳಿಯದು. ಲಾಡ್ಜಿನಲ್ಲಿ ನೀರು ಬರಲಿಲ್ಲ ಅಂತ ಸಿಟ್ಟಾಗಿ, ಸ್ವರ ಹೋಗಿ, ಸಮುದ್ರದ ಗಾಳಿ ಗಂಟಲಿಗೆ ಹಿಡಿಸಲಿಲ್ಲ ಅಂದುಕೊಂಡು ಔಷಧಿ ಅಂಗಡಿಗೆ ಓಡುತ್ತಾರೆ. ಬುರುಜು ಅವರಿಗೆ ಹಳೆಯ ಕಾವಲು ಗೋಪುರ. ಯಾವುದೋ ರಾಣಿ ಕಡಲ್ಗಳ್ಳರನ್ನು ದೂರದಿಂದಲೇ ನೋಡಲಿಕ್ಕೆ ಕಟ್ಟಿಸಿದ್ದು ಅಂತ ಸರಕಾರದವರು ಬಾಗಿಲಲ್ಲಿ ಫಲಕ ನೆಟ್ಟಿದ್ದಾರೆ. ಪ್ರವಾಸಿಗಳು ಫಿರಂಗಿಯ ಕಿಂಡಿಯಲ್ಲಿ ತಲೆ ತೂರಿಸಿ ಫೋಟೋ ತೆಗೆಸಿಕೊಂಡು ಹೋಗುತ್ತಾರೆ.

ನಮ್ಮ ಊರಿನಷ್ಟು ಸಮಾಧಾನದ ಊರು ಬೇರೆಲ್ಲೂ ಇಲ್ಲ ಅಂತ ನಮ್ಮವರಿಗೆ ಬಹಳ ಹೆಮ್ಮೆ. ನನಗೂ ಇತ್ತು. ಸುಗುಣ ಸಾಯುವವರೆಗೆ.

ಅವಳು ಅಚ್ಯುತ ಧಣಿಯ ಸಿಗಡಿ ಸುಲಿಯುವ ಶೆಡ್ಡಿಗೆ ಹೋಗುತ್ತಿದ್ದಳು. ಶೆಡ್ಡಿಗೂ ಅವನ ಐಸ್ ಫ್ಯಾಕ್ಟರಿಗೂ ಒಂದೇ ಗೋಡೆ. ಹೆಂಗಸರು ಸೆರಗಿನಲ್ಲಿ ಸಿಗಡಿ ಕಟ್ಟಿಕೊಂಡು ಹೋಗುತ್ತಾರೆ ಅಂತ ಧಣಿಗೆ ಗುಮಾನಿ. ಹಾಗಾಗಿ ಕೆಲಸ ಶುರುವಾದ ಮೇಲೆ ಲೆಕ್ಕ ಬರೆಯುವ ಅವನ ರೈಟರ್ ಹೊರಗಿನಿಂದ ಬೀಗ ಹಾಕುತ್ತಿದ್ದ. ಊಟದ ಹೊತ್ತಿಗೆ ತೆಗೆದು ಸೆರಗು ಕೊಡವಿಸಿ ಬಿಡುವುದು, ಊಟವಾದ ಮೇಲೆ ಮತ್ತೆ ಬೀಗ. ಆ ದಿನ ಫ್ಯಾಕ್ಟರಿಯ ಪೈಪು ಒಡೆದು ಗ್ಯಾಸು ಶೆಡ್ಡಿನೊಳಗೆ ನುಗ್ಗಿತು. ರೈಟರ್ ಕೀ ಜೇಬಿಗೆ ಹಾಕಿಕೊಂಡು ಚಹಾ ಕುಡಿಯಲು ಹೋಗಿದ್ದ. ಉಳಿದವರು ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡು ನೆಲಕ್ಕೆ ಬಿದ್ದುಕೊಂಡರಂತೆ. ನನ್ನ ತಂಗಿ ಬಾಗಿಲ ಹತ್ತಿರ ಹೋಗಿ ನಿಂತು ಬಡಿದಳಂತೆ. ಛಾವಣಿಯ ಶೀಟು ಕಿತ್ತು ಒಳಗೆ ಇಳಿದವರಿಗೆ ಅವಳು ಬಾಗಿಲಿಗೆ ಒರಗಿಕೊಂಡೇ ಸಿಕ್ಕಿದಳು.

ಊರಿಗೆ ಊರೇ ಮೂಕವಾಯಿತು. ಆಮೇಲೆ ಸರದಿ ಶುರುವಾಯಿತು. ಗುರಿಕಾರ ಶೀನಪ್ಪ ನಮ್ಮ ಕೇರಿಯ ಹಿರಿಯ, ಬುರುಜಿಗೆ ಯಾರು ಯಾವಾಗ ಹೋಗಬೇಕು ಅಂತ ನಿರ್ಣಯಿಸುವವನು. ಮೊದಲು ಕೆಮ್ಮುತ್ತಿದ್ದ ಹೆಂಗಸರನ್ನು ಕರೆದುಕೊಂಡು ಹೋದ, ಆಮೇಲೆ ಅವರ ಗಂಡಂದಿರನ್ನು, ಆಮೇಲೆ ನಮ್ಮ ನೆರೆಕರೆಯವರನ್ನು, ಕೊನೆಗೆ ಅಮ್ಮನನ್ನು. ಧಣಿ ಪ್ರತಿ ಸಲವೂ ಬೇಸರವಿಲ್ಲದೆ ಹೋಗಿ ನಿಂತ. ಅಂಗಳದಲ್ಲಿ ಅವನು ನಿಲ್ಲುವುದಕ್ಕೇ ಒಂದು ಚಪ್ಪಡಿ ಕಲ್ಲು ಉಂಟು. ಕೊಡೆಯನ್ನೂ ಕಾಲಿಗೆ ಹಾಸಲು ಗೋಣಿಯನ್ನೂ ಅವನೇ ತರುತ್ತಾನೆ. ಬೈಸಿಕೊಳ್ಳುವುದರಲ್ಲಿ ನಮ್ಮ ಧಣಿಯನ್ನು ಮೀರಿಸುವವರಿಲ್ಲ ಅಂತ ಊರಿನವರೇ ಹೊಗಳುತ್ತಾರೆ. ಹೌದು, ಕೋರ್ಗಲ್ಲಿನ ಮೇಲೆ ಮಳೆ ಸುರಿದರೆ ಕಲ್ಲಿಗೇನು ನಷ್ಟ?

ಪೊಲೀಸರು ಬಂದು ಯಾರಾದರೂ ದೂರು ಕೊಡುತ್ತೀರಾ ಅಂತ ಕೇಳಿದರು. ದೂರು ಕೊಡುವುದಕ್ಕೆ ಸಿಟ್ಟು ಬೇಕು. ಸಿಟ್ಟಿದ್ದವರಿಗೆ ಸ್ವರ ಇರಲಿಲ್ಲ, ಸ್ವರ ಬಂದವರಿಗೆ ಸಿಟ್ಟಿರಲಿಲ್ಲ. ಅವರು ಚಹಾ ಕುಡಿದು ಹೋದರು. ಪೈಪಿಗೆ ಬೆಸುಗೆ ಹಾಕಿಸಿ ಧಣಿ ಶೆಡ್ಡು ಮತ್ತೆ ಶುರು ಮಾಡಿದ. ನಾನು ಆ ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಆ ದಾರಿಯಲ್ಲಿ ಹೋಗುತ್ತಿದ್ದೆ. ಹೆಂಗಸರು ಮಾತಾಡಿಕೊಂಡು, ನಗುತ್ತಾ ಒಳಗೆ ಹೋದರು. ರೈಟರ್ ಬಾಗಿಲು ಎಳೆದು ಬೀಗ ಹಾಕಿ ಕೀ ಜೇಬಿಗಿಳಿಸಿದ. ಅದೇ ಬಾಗಿಲು, ಅದೇ ಬೀಗ. ನನಗೆ ಕಣ್ಣು ಕತ್ತಲೆ ಬಂತು.

ಮೀನು ಮಾರುವವಳಿಗೆ ಸ್ವರವೇ ಬಂಡವಾಳ. ಪೇಟೆಯಲ್ಲಿ ನಾನು ಬಂಗುಡೆ ಅಂತ ಕೂಗಿದರೆ ಬೆಟ್ಟದ ಮೇಲಿನ ಮನೆಗಳಿಂದ ಪಾತ್ರೆ ಹಿಡಿದು ಇಳಿಯುತ್ತಿದ್ದರು. ಈಗ ಮೂಕಿಯಂತೆ ಕುಳಿತೆ. ಪಕ್ಕದವಳ ಬುಟ್ಟಿ ಖಾಲಿಯಾಗುವಾಗ ನನ್ನದಕ್ಕೆ ನೊಣ ಮುತ್ತುತ್ತಿತ್ತು. ಅಮ್ಮ ಬಂದು ಪಕ್ಕದಲ್ಲಿ ಕುಳಿತು ನನ್ನ ಬದಲು ಕೂಗತೊಡಗಿದಳು. ಅವಳ ಸ್ವರ ಚೆನ್ನಾಗಿಯೇ ಇತ್ತು, ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಜನ ನನ್ನ ಮುಂದೆ ಬರುವಾಗ ತಲೆ ತಗ್ಗಿಸುತ್ತಿದ್ದರು. ಸಿಟ್ಟು ಇಟ್ಟುಕೊಂಡು ಪೇಟೆಯಲ್ಲಿ ಕೂರುವುದು ನಮ್ಮಲ್ಲಿ ಮೈಮೇಲೆ ಬಟ್ಟೆ ಇಲ್ಲದೆ ಕೂತಷ್ಟು ನಾಚಿಕೆಗೇಡು.

ಗುರಿಕಾರ ಮನೆಗೇ ಬಂದ. "ಜಲಜ, ಸಿಟ್ಟಿನಲ್ಲಿ ಕೊಯ್ದ ಮೂಗು ಸಮಾಧಾನದಲ್ಲಿ ಬರುದಿಲ್ಲ, ಮಗಾ. ಇದು ಹೀಗೆ ಹೊಟ್ಟೆಯಲ್ಲಿ ಇಟ್ಕೊಂಡ್ರೆ ನಿನ್ನನ್ನೇ ತಿಂತದೆ. ನಿನ್ನ ಅಮ್ಮ ನೋಡು, ಎಷ್ಟು ಹಗುರ ಆಗಿದ್ದಾಳೆ."

ಅಮ್ಮನೂ ಸೆರಗಿನಿಂದ ಕಣ್ಣೊರೆಸುತ್ತಾ ಬೇಡಿಕೊಂಡಳು. "ಒಂದು ಸಲ ಹೋಗಿ ಬೈದು ಬಾ ಮಾರಾಯ್ತಿ. ಸತ್ತವಳು ಸತ್ಲು. ಇರುವ ಒಬ್ಬಳೂ ಮೂಕಿ ಆದ್ರೆ ನಾನು ಎಂತ ಮಾಡ್ಲಿ?"

ಹೋಗಬಾರದು ಅಂತ ನನಗೇನೂ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಬೈಯಲು ನಾನು ತುದಿಗಾಲಲ್ಲಿ ನಿಂತಿದ್ದೆ. ಮೀನು ಪೇಟೆಯಲ್ಲಿ ಕಲಿತ ಬೈಗುಳ ಎಷ್ಟು ಉಂಟೋ ಅಷ್ಟನ್ನೂ ಬತ್ತಳಿಕೆಯಲ್ಲಿ ಜೋಡಿಸಿ ಇಟ್ಟುಕೊಂಡಿದ್ದೆ. ಧಣಿಯ ಅಪ್ಪ, ಅಜ್ಜ, ಮುಂದೆ ಹುಟ್ಟಲಿರುವ ಮೊಮ್ಮಕ್ಕಳು, ಯಾರನ್ನೂ ಬಿಡಬಾರದು ಅಂತ ಮಾಡಿದ್ದೆ.

ಹೀಗೆ ಒಂದು ಬೆಳಿಗ್ಗೆ ಹಸನಬ್ಬನ ದೋಣಿಯಲ್ಲಿ ಹೊರಟೆವು. ಹಸನಬ್ಬ ಸಿಟ್ಟಿನವರನ್ನು ದಾಟಿಸುವ ದೋಣಿಯವನು. ಸಿಟ್ಟಿನವರನ್ನು ಮುಂದುಗಡೆ, ಬೈಸಿಕೊಳ್ಳುವವರನ್ನು ಹಿಂದುಗಡೆ ಕೂರಿಸಿ ನಡುವೆ ತಾನು ಬೆನ್ನು ಹಾಕಿ ಕೂರುತ್ತಾನೆ. ಧಣಿ ಹಿಂದೆ ಕುಳಿತು ಗುರಿಕಾರನ ಜೊತೆ ಡೀಸೆಲ್ಲಿನ ದರದ ಬಗ್ಗೆ ಮಾತಾಡುತ್ತಿದ್ದ. ಅವನ ಸ್ವರ ಎಣ್ಣೆ ಹಾಕಿದ ಹಾಗೆ ನುಣ್ಣಗೆ. ಜೀವಮಾನದಲ್ಲಿ ಅವನಿಗೆ ಸಿಟ್ಟು ಬಂದದ್ದನ್ನು ಯಾರೂ ನೋಡಿದ್ದಿಲ್ಲ. ಹೇಳಿದ್ದೆಲ್ಲ ನಡೆಯುವವನಿಗೆ ಸಿಟ್ಟು ಯಾಕೆ ಬರಬೇಕು?

ದ್ವೀಪದಲ್ಲಿ ಇಳಿದಾಗ ಗಂಟಲಿನಲ್ಲಿ ಏನೋ ಸಡಿಲವಾಯಿತು. ಬುರುಜಿನ ಮೆಟ್ಟಿಲು ಕಡಿದಾದದ್ದು, ಗೋಡೆಗೆ ಸುತ್ತಿಕೊಂಡು ಮೇಲೆ ಹೋಗುತ್ತದೆ. ಒಳಗೆ ಬಾವಲಿಯ ನಾತ, ಗೋಡೆಯ ಮೇಲೆ ಪ್ರವಾಸಿಗಳು ಕೆತ್ತಿದ ಹೆಸರುಗಳು. ಮೇಲೆ ಹೋಗಿ ನಿಂತೆ. ನಾಲ್ಕೂ ಕಡೆ ನೋಡಿದೆ. ಆ ರಾಣಿ ಯಾರೋ, ಅವಳ ಮೇಸ್ತ್ರಿ ಯಾರೋ, ಕಿಂಡಿಗಳೆಲ್ಲ ಸಮುದ್ರದ ಕಡೆಗೆ. ಅಂಗಳಕ್ಕೆ ಒಂದು ಕಿಂಡಿ. ಊರ ಕಡೆಗೆ ಒಂದು ತೂತು ಕೂಡ ಇಲ್ಲ. ಇಷ್ಟು ಕಾಲ ಇಲ್ಲಿ ಹತ್ತಿದವರು ಯಾರೂ ಇದನ್ನು ಗಮನಿಸಲಿಲ್ಲವಾ? ಊರಿನಲ್ಲಿ ಏನಾಗುತ್ತದೆ ಅಂತ ಇಲ್ಲಿಂದ ನೋಡುವ ಹಾಗೇ ಇಲ್ಲ!

ಅಂಗಳದ ಕಿಂಡಿಯಲ್ಲಿ ಬಗ್ಗಿದೆ. ಧಣಿ ಚಪ್ಪಡಿಯ ಮೇಲೆ ಗೋಣಿ ಹಾಸಿ, ಕೊಡೆ ಬಿಚ್ಚಿ ನಿಂತಿದ್ದ. ಅಮ್ಮ ನೆರಳಿನಲ್ಲಿ ಕೂತಿದ್ದಳು. ಗುರಿಕಾರ ಕೈ ಎತ್ತಿದ. "ಬಾಯಿ ಬಿಡು ಜಲಜ!"

"ಹೆಣ ತಿನ್ನುವ ನಾಯಿ!" ಅಂದೆ. ಅಬ್ಬಾ, ನನ್ನ ಸ್ವರ! ಎಷ್ಟು ಸಮಯದ ಮೇಲೆ ಕೇಳಿದೆ! ಗೋಡೆಗೆ ಬಡಿದು ಬಂದು ನನ್ನ ಕಿವಿಗೇ ಹಿತವಾಯಿತು. ಆದರೆ ಅದರ ಜೊತೆಗೆ ಇನ್ನೊಂದು ಆಯಿತು. ಎದೆಯೊಳಗೆ ಒಂದು ಮೂಲೆ ತಣ್ಣಗಾಯಿತು. ಕೊಡೆ ಹಿಡಿದ ಧಣಿಯ ಹೆಗಲು ಬಾಗಿರುವುದು ಕಂಡಿತು, ಅಯ್ಯೋ ವಯಸ್ಸಾಯಿತು ಅನ್ನಿಸಿತು. ಬಾಗಿಲಿಗೆ ಒರಗಿದ ಸುಗುಣನನ್ನು ನೆನೆಸಿಕೊಂಡೆ. ಮುಖ ಬಂತು, ಉರಿ ಬರಲಿಲ್ಲ. ಎಂದೋ ಜ್ವರದಲ್ಲಿ ಹೋದ ದೂರದ ಸಂಬಂಧಿಯ ಹಾಗೆ ಬಂತು. ಒಂದು ಬೈಗುಳಕ್ಕೆ ಇಷ್ಟು! ಇನ್ನು ಹತ್ತು ಬೈದರೆ ನಾನೂ ಕೆಳಗೆ ಇಳಿದು ಸಾರಿನ ವಿಚಾರ ಮಾತಾಡುತ್ತೇನೆ. ನನಗೆ ಹೆದರಿಕೆಯಾಯಿತು. ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡೆ.

ಬಾಯೊಳಗೆ ಬೈಗುಳಗಳು ಒದ್ದಾಡಿದವು. ಒಂದೊಂದನ್ನೂ ನುಂಗಿದೆ. ಅಷ್ಟು ಕಷ್ಟವನ್ನು ನಾನು ಬುಟ್ಟಿ ಹೊತ್ತು ಬೆಟ್ಟ ಹತ್ತುವಾಗಲೂ ಪಟ್ಟಿಲ್ಲ. ಕೆಳಗಿನಿಂದ ಗುರಿಕಾರ "ಎಂತ ಆಯ್ತು? ಬಾಯಿ ಬಿಡು!" ಅನ್ನುತ್ತಿದ್ದ. ಉಸಿರು ಒಂದು ಹದಕ್ಕೆ ಬಂದ ಮೇಲೆ ಸೆರಗು ತೆಗೆದು, ಮೀನಿನ ದರ ಹೇಳುವ ಸ್ವರದಲ್ಲಿ ಕೇಳಿದೆ.

"ಧಣಿ, ಶೆಡ್ಡಿನ ಬೀಗ ತೆಗೀತೀರಾ?"

ಧಣಿ ಕೊಡೆ ಓರೆ ಮಾಡಿ ಮೇಲೆ ನೋಡಿದ. "ಅದು ಆಚೆಯ ಮಾತು ಜಲಜ. ಇಲ್ಲಿ ಬೈಯುದು ಮಾತ್ರ. ನೀನು ಬೈ, ನಾನು ಕೇಳ್ತೇನೆ."

"ಆಚೆ ಹೋದ್ರೆ, ಅಲ್ಲಿ ಆಡಿದ್ದು ಇಲ್ಲಿ ಆಡ್ಬಾರ್ದು ಅಂತೀರಿ. ಮತ್ತೆ ಎಲ್ಲಿ ಆಡುದು? ನೀರಿನ ನಡುವಾ?"

"ಮೊದಲು ಬೈದು ಹಗುರ ಆಗು. ಆಮೇಲೆ ನೋಡುವ."

"ಹಾಗಾದ್ರೆ ನಾನು ಬೈಯುದಿಲ್ಲ," ಅಂತ ಹೇಳಿ ಮೆಟ್ಟಿಲಿಳಿದೆ.

ಅಂಗಳದಲ್ಲಿ ಯಾರಿಗೂ ಏನು ಮಾಡಬೇಕು ಅಂತ ತಿಳಿಯಲಿಲ್ಲ. ಬುರುಜು ಹತ್ತಿ ಬೈದು ಮುಗಿಸದೆ ಇಳಿದವರು ಈ ಊರಿನಲ್ಲಿ ಇರಲಿಲ್ಲ. ಗುರಿಕಾರ ಕೆತ್ತಿದ ಬೊಂಡವನ್ನು ಕೈಯಲ್ಲಿ ಹಿಡಿದು ನಮ್ಮಿಬ್ಬರ ಮುಖ ನೋಡಿದ. ನಾನು ಮುಟ್ಟಲಿಲ್ಲ. ಧಣಿ ನಕ್ಕ. "ಪರವಾಗಿಲ್ಲ, ಇನ್ನೊಂದು ದಿನ ಬರುವ. ನಾನು ಎಷ್ಟು ಸಲ ಬೇಕಾದ್ರೂ ನಿಲ್ತೇನೆ, ಅದಕ್ಕೆಂತ?" ನಾನು ಅವನ ಕಣ್ಣಿಗೆ ಕಣ್ಣಿಟ್ಟು ತಲೆಯಾಡಿಸಿದೆ. ಇನ್ನೊಂದು ದಿನ ಇಲ್ಲ. ನಗು ಅಲ್ಲೇ ನಿಂತಿತು.

ವಾಪಸು ಬರುವಾಗ ಅವನು ಡೀಸೆಲ್ಲಿನ ಮಾತು ಆಡಲಿಲ್ಲ. ನನ್ನನ್ನೇ ನೋಡುತ್ತಿದ್ದ. ಆ ಬಿಸಿಲಿನಲ್ಲಿ, ಅಷ್ಟು ಜನರ ಮುಂದೆ, ಮೀನು ಮಾರುವ ಹೆಂಗಸಿನ ಕಾಲಬುಡದಲ್ಲಿ ನಿಂತವನಿಗೆ ಒಂದು ಮುಷ್ಟಿ ಬೈಗುಳವೂ ದಕ್ಕಲಿಲ್ಲ. ಬೈಸಿಕೊಂಡು ಶುದ್ಧವಾಗಿ ಮನೆಗೆ ಹೋಗುವುದು ಅವನ ಅಭ್ಯಾಸ. ನಾನು ಅವನನ್ನು ಹಾಗೇ, ಕೊಳೆಯ ಸಮೇತ ದಡಕ್ಕೆ ತಂದಿದ್ದೆ. ಧಕ್ಕೆಯಲ್ಲಿ ಇಳಿದಾಗ ಲಾರಿಯವನು ಓಡಿ ಬಂದು ಐಸ್ ಎಷ್ಟು ಹೇರುವುದು ಅಂತ ಕೇಳಿದ. ಧಣಿ ಬಾಯಿ ತೆರೆದ. ಗಾಳಿ ಬಂತು. ಮತ್ತೆ ತೆರೆದ. ಮತ್ತೆ ಗಾಳಿ. ಲಾರಿಯವನ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಒಂದು ತರದ ಕುತೂಹಲ ಕಂಡಿತು. ಊಟದ ಹೊತ್ತಿಗೆ ಊರಿಡೀ ಒಂದೇ ಸುದ್ದಿ. ಧಣಿಗೆ ಸಿಟ್ಟು ಬಂದಿದೆ!

ಮೂಕತನ ನನಗೆ ಅಭ್ಯಾಸವಾಗಿತ್ತು, ಅವನಿಗೆ ಆಗಿರಲಿಲ್ಲ. ನಮ್ಮ ಧಕ್ಕೆಯಲ್ಲಿ ಮೀನಿನ ಏಲಂ ನಡೆಯುವುದು ಬಾಯಿಯಲ್ಲಿ. ಗಟ್ಟಿಯಾಗಿ ಕೂಗಿದವನಿಗೆ ಮೀನು. ಅವನು ಚೀಟಿ ಬರೆದು ರೈಟರ್ ಕೈಗೆ ಕೊಡುವಷ್ಟರಲ್ಲಿ ಸಾಲು ಸಾಲು ಬುಟ್ಟಿಗಳು ಬೇರೆಯವರ ಲಾರಿಗೆ ಏರಿರುತ್ತಿದ್ದವು. ಫೋನು ಬಂದರೆ ಕಿವಿಗಿಟ್ಟುಕೊಂಡು ಉಸಿರು ಬಿಡುತ್ತಿದ್ದ, ಆ ಕಡೆಯವರು ಹಲೋ ಹಲೋ ಅಂದು ಇಡುತ್ತಿದ್ದರು. ಕೈ ಸನ್ನೆ ಮಾಡಿದರೆ ಆಳುಗಳು ಬೇಕೆಂತಲೇ ಬೇರೆ ಕೆಲಸ ಮಾಡಿ, ತಿಳಿಯಲಿಲ್ಲ ಧಣಿ ಅನ್ನುತ್ತಿದ್ದರು. ಅದನ್ನು ನೋಡಿ ಅವನ ಸಿಟ್ಟು ಇನ್ನೂ ಏರುತ್ತಿತ್ತು. ನನಗೆ ಹೊಟ್ಟೆ ತಂಪಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ನೋಡಲು ಚಂದ ಇತ್ತು.

ಗುರಿಕಾರ ಮತ್ತೆ ಬಂದ. ಈ ಸಲ ಮಗಾ ಅನ್ನಲಿಲ್ಲ. "ಧಣಿ ಬುರುಜಿಗೆ ಹೋಗ್ಬೇಕು. ಅವರಿಗೆ ಸಿಟ್ಟು ನಿನ್ನ ಮೇಲೆ. ನೀನು ಬಂದು ಅಂಗಳದಲ್ಲಿ ನಿಲ್ಬೇಕು ಜಲಜ. ಅದು ಕ್ರಮ."

ತಲೆಯಾಡಿಸಿದೆ.

"ಬರುದಿಲ್ಲ ಅಂದ್ರೆ? ಹಾಗೆ ಯಾರೂ ಹೇಳಿದ್ದಿಲ್ಲ!" ಅವನ ಸ್ವರ ಅರ್ಧದಲ್ಲೇ ಕಿರಿದಾಯಿತು. ಅವನಿಗೂ ಸಿಟ್ಟು ಬರತೊಡಗಿತ್ತು. ನೀರಿನ ಲೋಟ ಮುಂದಿಟ್ಟೆ. ಕುಡಿದ, ಲೋಟ ಕೆಳಗಿಟ್ಟು ಮೆಲ್ಲಗೆ ಕೇಳಿದ. "ನಿಂಗೆ ಎಂತ ಬೇಕು?"

ಎದ್ದು ಹೊರಟೆ. ಅವನು ಹಿಂದೆಯೇ ಬಂದ, ಪೇಟೆಯಲ್ಲಿದ್ದವರೂ ಕೆಲವರು ಬಂದರು. ಶೆಡ್ಡಿನ ಮುಂದೆ ಹೋಗಿ ನಿಂತು ಬಾಗಿಲಿಗೆ ಅಂಗೈಯಿಂದ ಬಡಿದೆ. ಊಟದ ಹೊತ್ತಾಗಿತ್ತು, ಹೆಂಗಸರು ಸೆರಗು ಕೊಡವಿ ಹೊರಗೆ ನಿಂತಿದ್ದರು. ಸುಗುಣನ ಪಕ್ಕದಲ್ಲೇ ಕೂತು ಸುಲಿಯುತ್ತಿದ್ದ ಕಮಲಿ ಮುಂದೆ ಬಂದಳು.

"ಜಲಜಕ್ಕ, ಕೀ ಬೇಕಾ ನಿಂಗೆ?"

ಅಲ್ಲ ಅಂತ ತಲೆಯಾಡಿಸಿದೆ. ಕೀ ಏನು, ಒಂದು ಹೋದರೆ ಇನ್ನೊಂದು ಮಾಡಿಸುತ್ತಾನೆ. ಬಾಗಿಲಿನ ಬಿಜಾಗರಿಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದೆ. ಎರಡು ಕೈಯಿಂದ ಬಾಗಿಲನ್ನು ಎತ್ತುವಂತೆ ಮಾಡಿ, ಹೆಗಲ ಮೇಲೆ ಹೊತ್ತಂತೆ ಮಾಡಿ, ಸಮುದ್ರದ ಕಡೆ ಬೆರಳು ಮಾಡಿದೆ.

ಕಮಲಿ ಗುರಿಕಾರನ ಕಡೆ ತಿರುಗಿದಳು. "ಬಾಗಿಲೇ ಇರ್ಬಾರ್ದಂತೆ ಗುರಿಕಾರ್ರೆ. ಕಳಚಿ ದೋಣಿಗೆ ಹಾಕ್ಬೇಕಂತೆ. ಅದೂ ಅವಳ ಒಟ್ಟಿಗೆ ಬುರುಜಿಗೆ ಬರ್ಬೇಕಂತೆ." ಅಷ್ಟು ಹೇಳಿ ಕೆಮ್ಮಿದಳು. ಗ್ಯಾಸಿನ ಕೆಮ್ಮು ಅವಳಲ್ಲಿ ಇನ್ನೂ ಉಳಿದಿತ್ತು, ಸಿಟ್ಟು ಉಳಿದಿರಲಿಲ್ಲ.

ಧಣಿ ಒಪ್ಪಲಿಲ್ಲ. ಒಪ್ಪದೆ ಇನ್ನಷ್ಟು ಏಲಂ ಕಳೆದುಕೊಂಡ. ಅವನ ಎರಡು ದೋಣಿಗಳ ತಂಡ ಬೇರೆ ಮಾಲೀಕನ ಹತ್ತಿರ ಹೋಯಿತು. ಮನೆಯಲ್ಲಿ ಹೆಂಡತಿ ಅವನ ಎದುರು ನಿಂತು ಧಾರಾಳವಾಗಿ ಮಾತಾಡತೊಡಗಿದಳಂತೆ, ಮದುವೆಯಾದ ಮೇಲೆ ಮೊದಲ ಸಲ. ಕೊನೆಗೆ ಒಂದು ದಿನ ಆಚಾರಿ ಉಳಿ ಸುತ್ತಿಗೆ ಹಿಡಿದು ಶೆಡ್ಡಿಗೆ ಬಂದ. ಬಿಜಾಗರಿ ತುಕ್ಕು ಹಿಡಿದು ಸುಲಭಕ್ಕೆ ಬಿಡಲಿಲ್ಲ. ಬಾಗಿಲಿನ ಎರಡೂ ಹಲಗೆಗಳನ್ನು ಕಳಚಿ ಹೊರಗಿಟ್ಟಾಗ ಶೆಡ್ಡಿನೊಳಗೆ ಮೊದಲ ಬಾರಿ ಬೆಳಕು ಗೋಡೆಯವರೆಗೆ ಹೋಯಿತು. ಹೆಂಗಸರು ಸಿಗಡಿ ಕೈಯಲ್ಲೇ ಹಿಡಿದುಕೊಂಡು ಕಣ್ಣು ಕಿರಿದು ಮಾಡಿ ಹೊರಗೆ ನೋಡಿದರು.

ಬಾಗಿಲನ್ನು ದೋಣಿಗೆ ಹಾಕುವಾಗ ಒಳಮುಖ ಮೇಲಾಗಿ ಬಂತು. ಅದನ್ನು ಅಲ್ಲಿಯವರೆಗೆ ಹೊರಗಿನವರು ಯಾರೂ ನೋಡಿರಲಿಲ್ಲ. ಚಿಲಕದ ಸುತ್ತ ಮರದಲ್ಲಿ ಗೀರುಗಳು. ಕೆಲವು ಸಿಗಡಿ ಸುಲಿಯುವ ಕತ್ತಿಯದು, ಆಳವಾಗಿ ನೇರವಾಗಿ ಇದ್ದವು. ಉಳಿದವು ಕತ್ತಿಯದಲ್ಲ. ಹಸನಬ್ಬ ಹುಟ್ಟು ಕೈಗೆತ್ತಿಕೊಂಡವನು ಹಾಗೇ ನಿಂತ. "ಯಾ ಅಲ್ಲಾ," ಅಂದ. ಆಮೇಲೆ ಬೆನ್ನು ಹಾಕಿ ಕೂರುವ ತನ್ನ ಜಾಗ ಬಿಟ್ಟು, ಬಾಗಿಲನ್ನು ದಾಟಿ ಹೋಗಿ ತುದಿಯಲ್ಲಿ ಕೂತ. ಅಮ್ಮ ಬಾಗಿಲಿನ ಪಕ್ಕದಲ್ಲೇ ಕೂತಳು. ಅವಳು ಯಾಕೆ ಬಂದಳು ಅಂತ ನನಗೆ ಗೊತ್ತಿಲ್ಲ. ಮನೆಯಲ್ಲಿ ಒಬ್ಬಳೇ ಎಂತ ಮಾಡುದು ಅಂತ ಹೇಳಿ ಹತ್ತಿದ್ದಳು.

ದ್ವೀಪದಲ್ಲಿ ಬಾಗಿಲನ್ನು ಚಪ್ಪಡಿಯ ಪಕ್ಕ ಗೋಡೆಗೆ ಒರಗಿಸಿ ನಿಲ್ಲಿಸಿದೆ, ಒಳಮುಖ ಕಿಂಡಿಯ ಕಡೆಗೆ ಮಾಡಿ. ನಾನು ಅದರ ಪಕ್ಕದಲ್ಲಿ ನಿಂತೆ. ನೋಡಲಿ, ನೋಡಿಕೊಂಡೇ ಬೈಯಲಿ. ಎಷ್ಟು ಬಾಯಿ ಬರುತ್ತದೆ ನೋಡುವ ಅಂತ ನನ್ನ ಹಟ.

ಬಂತು. ಒಂದಕ್ಕೆ ಹತ್ತು ಬಂತು. ಆ ನುಣ್ಣನೆಯ ಸ್ವರದ ಕೆಳಗೆ ಇಷ್ಟೊಂದು ಕೆಸರು ಇತ್ತು ಅಂತ ಊರಿಗೆ ಗೊತ್ತಿರಲಿಲ್ಲ. ಭಿಕ್ಷೆ ಬೇಡುವವಳೇ ಅಂದ. ನಿನ್ನ ತಂಗಿಯೇನು ದೊಡ್ಡ ಪತಿವ್ರತೆಯಾ, ಸೆರಗಿನಲ್ಲಿ ಕಟ್ಟಿಕೊಂಡು ಹೋಗುವ ಕಳ್ಳಿಯಲ್ಲವಾ ಅಂದ. ಬೀಗ ಹಾಕದಿದ್ದರೆ ನೀವೆಲ್ಲ ಸೇರಿ ನನ್ನನ್ನೇ ಸುಲಿದು ತಿನ್ನುತ್ತೀರಿ ಅಂದ. ಬಾಗಿಲ ಹತ್ತಿರ ಹೋಗಿ ನಿಲ್ಲಲು ಅವಳಿಗೆ ಯಾರು ಹೇಳಿದ್ದು, ಉಳಿದವರ ಹಾಗೆ ಬಿದ್ದುಕೊಂಡಿದ್ದರೆ ಸಾಯುತ್ತಿದ್ದಳಾ ಅಂದ. ಆ ಗೀರುಗಳನ್ನು ನೋಡುತ್ತಲೇ ಅಂದ! ಕಣ್ಣು ಒಮ್ಮೆಯೂ ತಪ್ಪಿಸಲಿಲ್ಲ. ಗುರಿಕಾರ ಕಿವಿ ಮುಚ್ಚಿಕೊಂಡು ಸಮುದ್ರದ ಕಡೆ ತಿರುಗಿ ನಿಂತ. ನಾನು ಒಂದು ಮಾತೂ ಬಿಡದೆ ಕೇಳಿದೆ. ಅವನದು ಖಾಲಿಯಾಗುತ್ತಿತ್ತು, ನನ್ನದು ತುಂಬುತ್ತಿತ್ತು.

ಬೈದು ಮುಗಿಸಿ ಇಳಿದು ಬಂದ. ಮುಖ ಸ್ನಾನ ಮಾಡಿದ ಮಗುವಿನ ಹಾಗೆ. ಬಾಗಿಲ ಹತ್ತಿರ ಹೋಗಿ ಗೀರುಗಳ ಮೇಲೆ ಕೈಯಾಡಿಸಿ, "ಛೇ, ಪಾಪ ಸುಗುಣ. ಒಳ್ಳೆಯ ಹುಡುಗಿ," ಅಂದ. ನಿಜವಾಗಿ ಮರುಗಿಯೇ ಅಂದ, ಅದೇ ನನಗೆ ಎಲ್ಲದಕ್ಕಿಂತ ಅಸಹ್ಯವಾದದ್ದು. ಬೊಂಡ ತೆಗೆದುಕೊಂಡು ನನ್ನ ಕಡೆ ಚಾಚಿದ. "ಈಗ ನೀನು ಹತ್ತು ಜಲಜ. ನಾನು ನಿಲ್ತೇನೆ. ನಿನ್ನದೂ ಮುಗೀಲಿ, ಪೇಟೆಯಲ್ಲಿ ಕೂಗಿ ಮೀನು ಮಾರು. ಎಷ್ಟು ದಿನ ಅಂತ ಮೂಕಿ ಆಗಿರ್ತೀಯಾ?"

"ನಂಗೆ ಬೇಡ ಧಣಿ," ಅಂದೆ. ಮೆಲ್ಲಗೆ, ಒಂದು ಬೈಗುಳವೂ ತಪ್ಪಿ ಬೀಳದ ಹಾಗೆ. "ಅವಳದ್ದು ಅಂತ ನನ್ನ ಹತ್ರ ಉಳ್ದದ್ದು ಈ ಸಿಟ್ಟೊಂದೇ. ಇದನ್ನೂ ನಿಮಗೆ ಕೊಡ್ಲಿಕ್ಕೆ ನಂಗೆ ಮನಸ್ಸಿಲ್ಲ. ಶೆಡ್ಡಿಗೆ ಹೊಸ ಬಾಗಿಲ ಬಗ್ಗೆ ಯೋಚನೆ ಮಾಡುವಾಗ, ಪೇಟೆಯಲ್ಲಿ ನಾನು ಕೂತಿದ್ದೇನೆ ಅಂತ ನೆನಪಿರ್ಲಿ."

ಅವನು ಬೊಂಡ ಹಿಡಿದುಕೊಂಡೇ ಉಳಿದ. ಬಾಗಿಲನ್ನು ಅಲ್ಲೇ ಬಿಟ್ಟು ಬಂದೆವು. ಈಗ ಪ್ರವಾಸಿಗಳು ಅದರ ಮುಂದೆಯೂ ಫೋಟೋ ತೆಗೆಸಿಕೊಳ್ಳುತ್ತಾರಂತೆ. ಕೋಟೆಯ ಕಾಲದ ಬಾಗಿಲು, ಯುದ್ಧದ ಗುರುತು ಅಂತ ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಾರಂತೆ. ಯುದ್ಧದ ಮಟ್ಟಿಗೆ ಅವರು ಹೇಳುವುದು ತಪ್ಪಲ್ಲ.

ಧಕ್ಕೆಯಲ್ಲಿ ಇಳಿಯುವಾಗ ಧಣಿ ಲಾರಿಯವನನ್ನು ಕೂಗಿ ಕರೆದ. ಸ್ವರ ಮೊದಲಿನಂತೆಯೇ ಎಣ್ಣೆ ಹಾಕಿದ ಹಾಗಿತ್ತು. ನಾನು ಮೊದಲು ಇಳಿದು ಅಮ್ಮನಿಗೆ ಕೈ ಕೊಟ್ಟೆ. ಅವಳ ಕೈ ತಣ್ಣಗಿತ್ತು, ಬೆರಳ ತುದಿಗಳಲ್ಲಿ ಮರದ ಸಿಬಿರು ಚುಚ್ಚಿಕೊಂಡು ರಕ್ತ ಹನಿಯುತ್ತಿತ್ತು. ದ್ವೀಪದಲ್ಲಿ ಧಣಿ ಬೈಯುತ್ತಿದ್ದಷ್ಟು ಹೊತ್ತು ಅವಳು ಏನು ಮಾಡುತ್ತಿದ್ದಳು ಅಂತ ನಾನು ನೋಡಿರಲಿಲ್ಲ. ಬಾಗಿಲ ಹತ್ತಿರ ಕೂತಿದ್ದಳು, ಆ ಗೀರುಗಳಲ್ಲಿ ಒಂದೊಂದೇ ಬೆರಳಿಟ್ಟು ಕೂತಿದ್ದಳು ಅಂತ ಹಸನಬ್ಬ ಆಮೇಲೆ ಹೇಳಿದ.

"ಕೈಗೆ ಎಂತ ಆಯ್ತು ಅಮ್ಮಾ?" ಅಂತ ಗುರಿಕಾರ ಕೇಳಿದ.

ಅಮ್ಮ ಬಾಯಿ ತೆರೆದಳು. ತುಟಿ ಆಡಿತು. ಗಂಟಲಿನ ನರ ಉಬ್ಬಿತು. ಸ್ವರ ಬರಲಿಲ್ಲ.

ಒಮ್ಮೆ ಬೈದು ಮುಗಿಸಿದ ಸಿಟ್ಟು ಮತ್ತೆ ಬಂದದ್ದನ್ನು ನಮ್ಮ ಊರು ನೋಡಿರಲಿಲ್ಲ. ಗುರಿಕಾರ ಹಿಂದಕ್ಕೆ ಸರಿದ. ಧಣಿ ಮಾತ್ರ ಲಾರಿಯ ಹತ್ತಿರದಿಂದ ವಾಪಸು ಬಂದು, ಬಹಳ ಮರ್ಯಾದೆಯಿಂದ, "ಅದಕ್ಕೆಂತ, ನಾಳೆ ಹೋಗುವ ಅಮ್ಮ. ನಾನು ಬಂದು ನಿಲ್ತೇನೆ," ಅಂದ.

ಅಮ್ಮ ಅವನ ಮುಖವನ್ನು ನೋಡಿದಳು. ಸುಗುಣ ಹೋದ ಮೇಲೆ ಅವಳ ಕಣ್ಣು ಯಾರ ಮೇಲೂ ಹಾಗೆ ನಿಂತದ್ದಿಲ್ಲ. ನಿಧಾನಕ್ಕೆ ತಲೆಯಾಡಿಸಿದಳು, ಬರುವುದಿಲ್ಲ ಅಂತ. ಆಮೇಲೆ ರಕ್ತದ ಕೈಯಲ್ಲೇ ನನ್ನ ರಟ್ಟೆ ಹಿಡಿದುಕೊಂಡು ಪೇಟೆಯ ಕಡೆ ಹೆಜ್ಜೆ ಹಾಕಿದಳು. ನನಗೆ ಅಳು ಬಂತು. ನನ್ನ ಅಮ್ಮ ವಾಪಸು ಬಂದಿದ್ದಳು.